ಹಳೇ ಕಾರಿನ ಷಟ್ಪದಿ

“ಏಳನೇದನ್ನ ಎಲ್ಲಿ ಕೂರಿಸೋದು?”

ಬಾಳೆಹೊನ್ನೂರಿನ ಪೇಟೆಬೀದಿಯ ತಮ್ಮ ಪಾತ್ರೆ ಅಂಗಡಿಯಲ್ಲಿ ಕೂತು ಮರುಳಸಿದ್ದಪ್ಪನವರು ಗಟ್ಟಿಯಾಗಿ ಈ ಪ್ರಶ್ನೆ ಕೇಳಿದಾಗ ಅವರ ಎದುರಿಗೆ ಇದ್ದದ್ದು ಒಂದು ತಾಮ್ರದ ಹಂಡೆ ಮತ್ತು ಬೋರಲು ಹಾಕಿದ ಎರಡು ಕೊಳಗ. ಅವು ಉತ್ತರ ಕೊಡುವ ಪೈಕಿಯಲ್ಲ. ಅಷ್ಟರಲ್ಲಿ ಇಡ್ಲಿಪಾತ್ರೆ ಕೊಳ್ಳಲು ಬಂದ ವೀರಮ್ಮ ಬಾಗಿಲಲ್ಲಿ ಕಾಲಿಟ್ಟಿದ್ದರು.

“ಏಳಾ? ಬ್ಯಾಡ ಮಾರಾಯ್ರೆ. ನಂಗೆ ನಾಲ್ಕು ತಟ್ಟೇದು ಸಾಕು. ಮನೇಲಿ ಇರೋದೇ ಇಬ್ರು.”

“ತಟ್ಟೆ ಅಲ್ಲ ವೀರಮ್ಮ, ಪಾದ. ಆರು ಪಾದ ಆಯ್ತು, ಏಳನೇದು ಉಳ್ಕೊಂಡುಬಿಡ್ತು.”

ವೀರಮ್ಮ ಬಗ್ಗಿ ತಮ್ಮ ಪಾದ ನೋಡಿಕೊಂಡರು, ಅಂಗಡಿಯವರ ಪಾದ ನೋಡಿದರು, ಎಲ್ಲ ಸೇರಿಸಿದರೂ ನಾಲ್ಕೇ ಆಯಿತೆಂದು ಖಚಿತಪಡಿಸಿಕೊಂಡು, ಇಡ್ಲಿಪಾತ್ರೆಯನ್ನು ನಾಳೆ ಒಯ್ಯುತ್ತೇನೆಂದು ಹೇಳಿ ಬಂದ ದಾರಿಯಲ್ಲೇ ಹೊರಟುಹೋದರು. ಆ ಬೀದಿಯಲ್ಲಿ ಸಂಜೆಯ ಹೊತ್ತಿಗೆ ಮರುಳಸಿದ್ದಪ್ಪನವರಿಗೆ ಬಿಸಿಲು ಹೊಡೆದಿದೆ ಎಂಬ ಸುದ್ದಿ ಇತ್ತು.

ಬಿಸಿಲೇನೂ ಹೊಡೆದಿರಲಿಲ್ಲ. ಅವರಿಗೆ ಹೊಡೆದದ್ದು ಛಂದಸ್ಸು. ಅದು ಚಿಕ್ಕಂದಿನಲ್ಲೇ ಹೊಡೆದದ್ದು. ಅಜ್ಜನ ಮನೆಯ ಪಡಸಾಲೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ರಾಗವಾಗಿ ಪದ್ಯ ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು. ಗೋಡೆಗೆ ಒರಗಿ ಕೂತು ಕೇಳುವ ಹುಡುಗ ಇವರು. ಇವತ್ತಿಗೂ ಶೃಂಗೇರಿಯಲ್ಲೋ ಕೊಪ್ಪದಲ್ಲೋ ಕಾವ್ಯವಾಚನ ಉಂಟೆಂದರೆ ಹಣೆಗೆ ವಿಭೂತಿ ಎಳೆದುಕೊಂಡು ಮೊದಲ ಬಸ್ಸಿಗೆ ಹೋಗಿ ಕಡೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುವರು. ಒಂದು ಮಾತೂ ಆಡುವವರಲ್ಲ. ಇದರಿಂದ ಒಂದು ಲಾಭವಾಗಿತ್ತು, ಒಂದು ತೊಂದರೆಯೂ ಆಗಿತ್ತು. ಲಾಭವೆಂದರೆ ಕಿವಿ ಬಹಳ ಸೂಕ್ಷ್ಮ. ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಎಲ್ಲಿ ಸೀಳಿದೆ, ಎಲ್ಲಿ ಬೆಸುಗೆ ಬಿದ್ದಿದೆ ಎಂದು ನೋಡದೆಯೇ ಹೇಳುತ್ತಿದ್ದರು. ತೊಂದರೆಯೆಂದರೆ ಪದ್ಯವಾಗದ ಯಾವ ಸಂಗತಿಯೂ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹೆಂಡತಿ ಕಲ್ಲಮ್ಮ ಹೇಳಿಕಳಿಸಿದ ದಿನಸಿಯನ್ನೂ ಅವರು ಪ್ರಾಸ ಕೂಡಿಸಿಯೇ ಅಂಗಡಿಗೆ ಒಯ್ಯಬೇಕು. ಒಮ್ಮೆ ಸಾಸಿವೆ ಪ್ರಾಸಕ್ಕೆ ಒಗ್ಗದೆ ಹೋಗಿ, ಆ ಮನೆಯಲ್ಲಿ ಬಹಳ ದಿನ ಒಗ್ಗರಣೆಯೇ ಇರಲಿಲ್ಲ.

ಇಂಥವರು ಹಳೆಯ ಕಾರಿನ ವಿಷಯಕ್ಕೆ ಯಾಕೆ ಹೋಗಬೇಕಿತ್ತು ಎಂದರೆ, ಅದಕ್ಕೆ ಕಾರಣ ಮುತ್ತಿನಕೊಪ್ಪದ ಗೃಹಪ್ರವೇಶದ ಊಟ.

ಆ ಊಟದ ಪಂಕ್ತಿಯಲ್ಲಿ ಕಲ್ಲಮ್ಮನ ಅಣ್ಣ ರಾಜಶೇಖರ್ ಎಲ್ಲರನ್ನೂ ಪರಿಚಯಿಸುತ್ತ ಬಂದರು. ರಾಜಶೇಖರ್ ಕೊಪ್ಪದಲ್ಲಿ ದೊಡ್ಡ ಅಡಿಕೆ ವ್ಯಾಪಾರಿ, ವರ್ತಕರ ಸಂಘಕ್ಕೆ ಹೊಸದಾಗಿ ಅಧ್ಯಕ್ಷ, ಮೀಸೆಗೆ ಹಳೆಯದಾಗಿ ಬಣ್ಣ. “ಇವರು ನಮ್ಮ ದೊಡ್ಡ ಭಾವನವರು, ರಿಟೈರ್ಡ್ ಹೆಡ್‌ಮಾಸ್ಟ್ರು. ಇವರು ನಮ್ಮ ಬೀಗರು, ಪೆಟ್ರೋಲ್ ಬಂಕು.” ಮರುಳಸಿದ್ದಪ್ಪನವರ ಎಲೆಯ ಮುಂದೆ ಬಂದಾಗ ಸ್ವಲ್ಪ ತಡವರಿಸಿ, “ಇವರು… ನಮ್ಮ ಕಲ್ಲಮ್ಮನ ಕಡೆಯವರು” ಎಂದು ಮುಂದಿನ ಎಲೆಗೆ ಹೋದರು.

ಮದುವೆಯಾದಂದಿನಿಂದ ಇದೇ ಪರಿಚಯ. ಮರುಳಸಿದ್ದಪ್ಪನವರಿಗೆ ಅದು ಅಭ್ಯಾಸವಾಗಿತ್ತು. ಕಲ್ಲಮ್ಮನಿಗೆ ಆಗಿರಲಿಲ್ಲ. ಅಣ್ಣಯ್ಯ ಒಂದೇ ಒಂದು ಸಲ, ನಾಲ್ಕು ಜನರ ಎದುರು, ತನ್ನ ಗಂಡನ ಹೆಸರು ಹಿಡಿದು ಮರ್ಯಾದೆಯಾಗಿ ಕರೆಯಲಿ ಎಂಬುದು ಆಕೆ ದಿನಾ ಲಿಂಗಪೂಜೆಯ ಹೊತ್ತಿನಲ್ಲಿ ಬೇರೇನೂ ಕೇಳದೆ ಕೇಳುತ್ತಿದ್ದ ವರ.

ಹೋಳಿಗೆ ಬರುವ ಹೊತ್ತಿಗೆ ರಾಜಶೇಖರ್ ಹೇಳುತ್ತಿದ್ದರು: “ಹೊಸ ಕಾರು ಯಾರ ಹತ್ರ ಬೇಕಾದ್ರೂ ಇರುತ್ತೆ ಮಾರಾಯ. ಹಳೇ ಕಾರು ಇರಬೇಕಾದ್ರೆ ಮನೆತನ ಬೇಕು. ಆ ಪ್ರಸನ್ನಕುಮಾರ ಅವನ ಅಜ್ಜನ ಜೀಪನ್ನ ಅಂಗಡಿ ಮುಂದೆ ನಿಲ್ಲಿಸ್ಕೊಂಡು ಕೊಪ್ಪ ಪೂರ್ತಿ ತನ್ನದೇ ಅನ್ನೋ ಹಾಗೆ ಆಡ್ತಾನೆ. ನಾನೂ ಒಂದು ತಗೋತೀನಿ. ಹರಿಹರಪುರದಲ್ಲಿ ಒಂದಿದೆಯಂತೆ.”

“ಮನೆತನಾನ ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋದಾ?” ಎಂದು ಹೆಡ್‌ಮಾಸ್ಟರು ಕೇಳಿದರು. ಎಲ್ಲರೂ ನಕ್ಕರು.

ಆಗಲೇ ಮರುಳಸಿದ್ದಪ್ಪನವರ ಬಾಯಿಂದ ಆ ಮಾತು ಬಂತು. ಯಾಕೆ ಬಂತೋ ಶಿವನಿಗೇ ಗೊತ್ತು. “ಹಳೇ ಕಾರು ತಗೊಳ್ಳೋ ಮುಂಚೆ ನೋಡೋ ಕ್ರಮ ಒಂದಿದೆ ಭಾವ. ಗೊತ್ತಿರೋರು ನೋಡಬೇಕು.”

“ನಿಂಗೆ ಗೊತ್ತಾ?”

ಮರುಳಸಿದ್ದಪ್ಪನವರು ಇಲ್ಲವೆನ್ನುವುದಕ್ಕೇ ಬಾಯಿ ತೆರೆದರು. ಎದುರು ಪಂಕ್ತಿಯಲ್ಲಿ ಕಲ್ಲಮ್ಮ ಕೋಸಂಬರಿಯ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿಕೊಂಡು ಇವರನ್ನೇ ನೋಡುತ್ತಿದ್ದಳು. ತೆರೆದ ಬಾಯಿ, “ಸ್ವಲ್ಪ ಸ್ವಲ್ಪ” ಎಂದು ಹೇಳಿ ಮುಚ್ಚಿಕೊಂಡಿತು.

ಮಾರನೆಯ ದಿನ ಬೆಳಿಗ್ಗೆಯೇ ಅವರು ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಲಕ್ಷ್ಮೀಶನ ಎದುರು ನಿಂತಿದ್ದರು.

ಲಕ್ಷ್ಮೀಶ ಒಂದು ಪಿಕಪ್ಪಿನ ಅಡಿಯಲ್ಲಿ ಮಲಗಿದ್ದ. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು. ಆ ಕಾಲುಗಳ ಕಡೆಯಿಂದಲೇ ಉಪದೇಶ ಬಂತು. “ತುಕ್ಕು ನೋಡಿ ಸಿದ್ದಪ್ಪಣ್ಣ. ಮ್ಯಾಟ್ ಎತ್ತಿ ನೋಡಿ. ಬಾಡಿ ತಟ್ಟಿ ನೋಡಿ, ಒಳಗೆ ಪಟ್ಟಿ ಮೆತ್ತಿರ್ತಾರೆ. ಸ್ಟಾರ್ಟ್ ಮಾಡಿಸಿ ಹೊಗೆ ಬಣ್ಣ ನೋಡಿ. ಗೇರು ಒಂದೊಂದೂ ಹಾಕಿ ನೋಡಿ. ಪೇಪರ್ ಎಲ್ಲ ಓದಿ. ಮತ್ತೆ, ಮಾರೋರು ಹೇಳೋ ಕಥೆ ಕೇಳ್ಕೊಂಡು ಕೂರಬೇಡಿ, ರೇಟು ಇಳಿಸಿ.” ಒಂದು ಸ್ಪ್ಯಾನರು ಹೊರಗೆ ಉರುಳಿಬಂತು. “ಮತ್ತೆ ಬ್ರೇಕು. ಎಲ್ಲದಕ್ಕಿಂತ ಮೊದ್ಲು ಬ್ರೇಕು. ಬೇರೆದ್ದು ಹಾಳಾಗಿದ್ರೆ ಕಾರು ಹೋಗಲ್ಲ, ಅಷ್ಟೆ. ಬ್ರೇಕ್ ಹಾಳಾಗಿದ್ರೆ ನಿಲ್ಲಲ್ಲ.”

ಮರುಳಸಿದ್ದಪ್ಪನವರು ಆ ಕಾಲುಗಳಿಗೆ ಮನಸ್ಸಿನಲ್ಲೇ ನಮಸ್ಕರಿಸಿ ಅಂಗಡಿಗೆ ಬಂದರು. ಹಂಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ಭಾಮಿನಿ ಷಟ್ಪದಿಯೊಂದು ಸಿದ್ಧವಾಗಿತ್ತು:

ತುಕ್ಕು ತಗಡೊಳಗಿಹುದೆ ನೋಡೈ
ಪಕ್ಕ ತಟ್ಟುತ ದನಿಯ ಕೇಳೈ
ಸೊಕ್ಕಿದೆಂಜಿನು ಹೊಗೆಯನುಗುಳಲು ಬಣ್ಣವಾವುದೆನು
ಹೊಕ್ಕು ಸೀಟೊಳು ಗೇರು ಹಾಕೈ
ಸಿಕ್ಕ ಪೇಪರನೆಲ್ಲವೋದೈ
ಮಿಕ್ಕ ಮಾತಿಗೆ ಮರುಳುಗೊಳ್ಳದೆ ರೇಟು ತಗ್ಗಿಸಿಕೋ

ಮಾತ್ರೆ ಸರಿ. ಪ್ರಾಸ ಸರಿ. ಮೂರನೆಯ ಸಾಲಿನ ಎಳೆತ, ಆರನೆಯ ಸಾಲಿನ ಮುಕ್ತಾಯ, ಎಲ್ಲವೂ ಸರಿ. ಆದರೆ ಷಟ್ಪದಿಗೆ ಇರುವುದು ಆರೇ ಪಾದ. ಲಕ್ಷ್ಮೀಶ ಹೇಳಿದ್ದು ಏಳು ಸಂಗತಿ. ಬ್ರೇಕು ಬೀದಿಯಲ್ಲೇ ನಿಂತಿತ್ತು. ವೀರಮ್ಮ ಇಡ್ಲಿಪಾತ್ರೆಗೆ ಬಂದದ್ದು ಆ ಘಳಿಗೆಯಲ್ಲಿ.

ಗೇರನ್ನು ಎಬ್ಬಿಸಿ ಆ ಜಾಗದಲ್ಲಿ ಬ್ರೇಕನ್ನು ಕೂರಿಸಿ ನೋಡಿದರು. ‘ಹೊಕ್ಕು ಸೀಟೊಳು ಬ್ರೇಕು ಒತ್ತೈ.’ ಕಿವಿಗೆ ಮುಳ್ಳು ಚುಚ್ಚಿದ ಹಾಗಾಯಿತು. ಬ್ರೇಕು ಎಂಬ ಪದ ಒತ್ತಕ್ಷರದಿಂದ ಹುಟ್ಟಿದ್ದು. ಅದು ಎಲ್ಲಿ ಬಂದು ಕೂತರೂ ತನ್ನ ಹಿಂದೆ ಕೂತ ಅಕ್ಷರದ ಮೇಲೆ ಭಾರ ಹಾಕುತ್ತದೆ. ಲಘುವಾಗಿ ಹಾಯಾಗಿದ್ದ ಅಕ್ಷರ ಗುರುವಾಗಿ, ಮಾತ್ರೆ ಹೆಚ್ಚಿ, ಪದ್ಯ ಕುಂಟುತ್ತದೆ. ಕುಂಟುವ ಪದ್ಯವನ್ನು ಮರುಳಸಿದ್ದಪ್ಪನವರು ಜನ್ಮದಲ್ಲಿ ಸಹಿಸಿದವರಲ್ಲ. ಸಂಜೆಯವರೆಗೆ ಬ್ರೇಕನ್ನು ಎಲ್ಲ ಪಾದಗಳ ಬಾಗಿಲಿಗೂ ಒಯ್ದು ತಟ್ಟಿದರು. ಯಾವ ಪಾದವೂ ಒಳಗೆ ಕರೆಯಲಿಲ್ಲ.

ಕಡೆಗೆ ಒಂದು ತೀರ್ಮಾನಕ್ಕೆ ಬಂದರು. ಆರನ್ನು ಪದ್ಯದಲ್ಲಿ ಇಟ್ಟುಕೊಳ್ಳುವುದು. ಬ್ರೇಕನ್ನು ಗದ್ಯದಲ್ಲಿ ನೆನಪಿಟ್ಟುಕೊಳ್ಳುವುದು.

ಗದ್ಯದಲ್ಲಿ ಏನನ್ನೂ ನೆನಪಿಟ್ಟುಕೊಳ್ಳಲಾಗದ ಮನುಷ್ಯ ಇಂಥ ತೀರ್ಮಾನಕ್ಕೆ ಬಂದದ್ದು ಹೇಗೆ ಎಂದು ಓದುಗರು ಕೇಳಬಹುದು. ತೀರ್ಮಾನವೂ ಗದ್ಯದಲ್ಲೇ ಇತ್ತು. ಮರುದಿನದ ಹೊತ್ತಿಗೆ ಅದೂ ಮರೆತುಹೋಗಿತ್ತು.

ಭಾನುವಾರ ರಾಜಶೇಖರ್ ತಮ್ಮ ಹೊಸ ಕಾರಿನಲ್ಲಿ ಬಂದು ಇಬ್ಬರನ್ನೂ ಹತ್ತಿಸಿಕೊಂಡರು. ಕಲ್ಲಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಹಿಂದಿನ ಸೀಟಿನಲ್ಲಿ ಮರುಳಸಿದ್ದಪ್ಪನವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ, ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು.

“ಅದೆಂತ ಅವನದ್ದು, ಮಂತ್ರವಾ?” ರಾಜಶೇಖರ್ ಕನ್ನಡಿಯಲ್ಲಿ ನೋಡಿ ಕೇಳಿದರು.

“ಲೆಕ್ಕ ಹಾಕ್ತಿದ್ದಾರೆ ಅಣ್ಣಯ್ಯ,” ಎಂದಳು ಕಲ್ಲಮ್ಮ. “ಇಂಜಿನ್ನಿಂದು.”

“ಲೆಕ್ಕ ಸರಿ ಹಾಕ್ಲಿ. ಪ್ರಸನ್ನಕುಮಾರನಿಗೆ ಹರಿಹರಪುರಕ್ಕೇ ಬಾ ಅಂದಿದ್ದೀನಿ. ಅವನ ಕ್ಯಾಮೆರಾನೂ ತರ್ತಾನೆ. ಸ್ಟೇರಿಂಗ್ ಹಿಡ್ಕೊಂಡು ನಾನು ಕೂತಿರೋದನ್ನ ಅವನ ಕೈಯಲ್ಲೇ ಫೋಟೋ ತೆಗೆಸಬೇಕು. ಸಂಘದ ಗ್ರೂಪಿಗೆ ಅವನೇ ಹಾಕ್ಬೇಕು.” ಕೊಪ್ಪ ದಾಟುವವರೆಗೂ ಆ ಫೋಟೋದ ವರ್ಣನೆಯೇ ನಡೆಯಿತು.

ಹರಿಹರಪುರದಲ್ಲಿ ಆ ಕಾರಿನ ಒಡತಿ ಜಲಜಮ್ಮ. ಹಪ್ಪಳ ಸಂಡಿಗೆ ಮಾಡಿ ಶೃಂಗೇರಿಯ ಅಂಗಡಿಗಳಿಗೆಲ್ಲ ಕೊಡುವ ಗಟ್ಟಿಗಿತ್ತಿ. ಅಂಗಳದ ಮೂಲೆಯಲ್ಲಿ ನಿಂತ ಕರಿಯ ದುಂಡು ಕಾರಿನ ನೆತ್ತಿಯ ಮೇಲೆ ಬಿಳಿ ಪಂಚೆ ಹಾಸಿ ಅದರ ತುಂಬ ಹಲಸಿನ ಹಪ್ಪಳ ಹರವಿದ್ದರು. ಬಾನೆಟ್ಟಿನ ಮೇಲೂ ಹಪ್ಪಳ. ಕಾರಿನ ಕಂಪನಿಯ ಹೆಸರಿನ ಅಕ್ಷರಗಳು ಎಂದೋ ಉದುರಿಹೋಗಿ ಅಲ್ಲಿ ನಾಲ್ಕಾರು ತೂತು ಮಾತ್ರ ಉಳಿದಿದ್ದವು.

“ಫಾರಿನ್ನು,” ಎಂದರು ರಾಜಶೇಖರ್ ಆ ತೂತುಗಳನ್ನು ನೋಡಿ.

“ಬನ್ನಿ ಬನ್ನಿ. ಹಪ್ಪಳ ಮುಟ್ಟಬೇಡಿ, ಇನ್ನೂ ಹಸಿ ಉಂಟು,” ಎಂದರು ಜಲಜಮ್ಮ. “ಕಪ್ಪು ಕಾರು ಕಾದ ಹಾಗೆ ಯಾವ ಹಂಚೂ ಕಾಯೂದಿಲ್ಲ ಮಾರಾಯ್ರೆ. ನಮ್ಮ ಮಾವನವರ ಕಾಲದ್ದು. ನನ್ನ ಅಣ್ಣನ ಮಗ ಶ್ರೀಕಾಂತ ವಾರಕ್ಕೊಂದು ಸಲ ಬಂದು ಸ್ಟಾರ್ಟ್ ಮಾಡಿಟ್ಟು ಹೋಗ್ತಾನೆ. ಇವತ್ತು ಅವ ಶೃಂಗೇರಿಗೆ ಹೋಗಿದ್ದಾನೆ. ಹೋಗುವಾಗ ಎಂತದೋ ಒಂದು ಮಾತು ಹೇಳಿ ಅಂದಿದ್ದ… ಎಂತದು… ಮರೆತೇ ಹೋಯ್ತು. ಇರ್ಲಿ, ನೆನಪಾದಾಗ ಹೇಳ್ತೆ. ಯಾರು ನೋಡೂದು ಕಾರು?”

“ಇವನು,” ಎಂದರು ರಾಜಶೇಖರ್. “ನಮ್ಮ ಕಲ್ಲಮ್ಮನ ಕಡೆಯವನು.”

ಮರುಳಸಿದ್ದಪ್ಪನವರು ಚಪ್ಪಲಿ ಕಳಚಿಟ್ಟು ಕಾರಿನ ಮುಂದೆ ನಿಂತರು. ಮನಸ್ಸಿನಲ್ಲಿ ಹೇಳಿಕೊಳ್ಳಬೇಕೆಂದಿದ್ದ ಪದ್ಯ, ಗಾಬರಿಗೆ, ರಾಗವಾಗಿ ಹೊರಗೇ ಬಂತು. “ತುಕ್ಕು ತಗಡೊಳಗಿಹುದೆ ನೋಡೈ…”

ಜಲಜಮ್ಮನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲಿ ನಿಂತಿತು. “ಭಾಮಿನಿ!” ಎಂದರು. “ಅಯ್ಯೋ, ಎಷ್ಟು ಚೆಂದದ ಭಾಮಿನಿ! ನಮ್ಮ ಅಪ್ಪಯ್ಯ ಇದ್ದಾಗ ಕೇಳಿದ್ದು. ಇನ್ನೊಂದು ಸಲ ಹೇಳಿ. ನಾನು ಅರ್ಥ ಹೇಳ್ತೆ.”

“ಅರ್ಥ ಎಂತಕ್ಕೆ? ಕಾರು ನೋಡ್ಲಿ,” ಎಂದರು ರಾಜಶೇಖರ್.

“ಅರ್ಥ ಇಲ್ಲದೆ ನೋಡಿ ಎಂತ ಪ್ರಯೋಜನ?” ಎಂದು ಜಲಜಮ್ಮ ಸೆರಗು ಸಿಕ್ಕಿಸಿಕೊಂಡು ಜಗಲಿಯ ಅಂಚಿಗೆ ಕೂತೇಬಿಟ್ಟರು. ಒಳಗೆ ಹಪ್ಪಳ ಲಟ್ಟಿಸುತ್ತಿದ್ದ ಹೆಂಗಸರು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದರು. ತೋಟದ ಕೆಲಸಕ್ಕೆ ಪಕ್ಕದ ನಾರ್ವೆ ಹಳ್ಳಿಯಿಂದ ಬಂದಿದ್ದ ವೆಂಕಟಯ್ಯ ಕತ್ತಿಯನ್ನು ಗೋಡೆಗೆ ಒರಗಿಸಿ, “ಪುರಾಣವಾ? ಮೊದ್ಲೇ ಹೇಳೂದಲ್ಲವಾ!” ಎಂದು ತಲೆಯ ಮುಂಡಾಸು ಬಿಚ್ಚಿ ಕೈಮುಗಿದು ಕೂತ.

ಮರುಳಸಿದ್ದಪ್ಪನವರು ಹಾಡಿದರು. ಜಲಜಮ್ಮ ಅರ್ಥ ಹೇಳಿದರು.

“ತಗಡು ಅಂದ್ರೆ ಎಂತದು? ಈ ಶರೀರ. ಹೊರಗೆ ನೋಡಿದ್ರೆ ಬಣ್ಣ, ಹೊಳಪು. ಒಳಗೆ? ತುಕ್ಕು! ಎಂತ ತುಕ್ಕು? ನಾನು, ನನ್ನದು ಅನ್ನುವ ತುಕ್ಕು. ನೋಡೈ ಅಂತಾನೆ ಕವಿ. ಯಾರು ನೋಡ್ಬೇಕು? ಬಣ್ಣ ಹಚ್ಚಿಕೊಂಡವನೇ ನೋಡ್ಕೊಳ್ಳಬೇಕು.”

ಎಲ್ಲರ ಕಣ್ಣೂ ಯಾಕೋ ರಾಜಶೇಖರರ ಮೀಸೆಯ ಕಡೆ ಹೋಯಿತು. ಅವರು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ವೆಂಕಟಯ್ಯ “ಶಿವ ಶಿವಾ” ಎಂದ. ಈ ಭಾವಪರವಶತೆಯಲ್ಲಿ ಕಾರಿನ ಮ್ಯಾಟು ಎತ್ತಿ ನಿಜವಾದ ತುಕ್ಕು ನೋಡುವುದು ಎಲ್ಲರಿಗೂ ಸಣ್ಣ ಮಾತೆನಿಸಿತು. ಮ್ಯಾಟು ಮಲಗಿದಲ್ಲೇ ಮಲಗಿತ್ತು.

“ಪಕ್ಕ ತಟ್ಟುತ ದನಿಯ ಕೇಳೈ…”

ಇದು ಮರುಳಸಿದ್ದಪ್ಪನವರ ಸ್ವಂತ ಕ್ಷೇತ್ರ. ಅವರು ಬಾಗಿಲ ಮೇಲೆ ಬೆರಳಿನ ಗಂಟಿನಿಂದ ತಟ್ಟುತ್ತ ಹೊರಟರು. ಟಣ್, ಟಣ್, ಟಣ್. ಹಿಂದಿನ ಚಕ್ರದ ಮೇಲೆ ಬಂದಾಗ, ದಬ್. ನಿಂತರು. ಕಿವಿ ಆನಿಸಿ ಮತ್ತೆ ತಟ್ಟಿದರು. ದಬ್, ದಬ್.

“ಇಲ್ಲಿ ಒಂದು ಗೇಣು ಅಗಲ ಒಡೆದಿತ್ತು. ಬೇರೇನೋ ಮೆತ್ತಿ ಮುಚ್ಚಿದ್ದಾರೆ. ಇದು ಈ ತಗಡಿನ ದನಿ ಅಲ್ಲ,” ಎಂದರು.

ಜಲಜಮ್ಮ ಎದ್ದು ನಿಂತರು. “ಹೌದು ಮಾರಾಯ್ರೆ! ನಮ್ಮ ಕರಿ ಎಮ್ಮೆ ಹಾಯ್ದದ್ದು! ನಾನು ಈ ಮನೆಗೆ ಬಂದ ವರ್ಷ! ನಿಮಗೆ ಹೇಗೆ ಗೊತ್ತಾಯ್ತು?”

ಹೆಂಗಸರು ಹೋ ಎಂದರು. ಒಬ್ಬಾಕೆ ತನ್ನ ಲಟ್ಟಣಿಗೆಯನ್ನೇ ಮುಂದೆ ಚಾಚಿ, “ಇದನ್ನೂ ಒಂಚೂರು ತಟ್ಟಿ ನೋಡಿ, ಸೀಳಿದೆಯಾ ಅಂತ” ಎಂದಳು. ರಾಜಶೇಖರರ ಮುಖದ ಬಣ್ಣವೇ ಬದಲಾಯಿತು. ಅವರು ಒಂದು ಹೆಜ್ಜೆ ಮುಂದೆ ಬಂದು, ಕೈಯನ್ನು ಕಾರಿನ ಕಡೆ ಚಾಚಿ, “ಮುಂದಿನದ್ದು ನೋಡಿ, ಸಿದ್ದಪ್ಪನವರೇ” ಎಂದರು.

ನವರೇ! ಕಲ್ಲಮ್ಮ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಇಲ್ಲಿರುವವರು ಹಪ್ಪಳದ ಹೆಂಗಸರು, ವೆಂಕಟಯ್ಯ, ಅಷ್ಟೇ. ಪರವಾಗಿಲ್ಲ. ಇವತ್ತು ಇಲ್ಲಿ ಅಂದದ್ದನ್ನು ನಾಳೆ ಪಂಕ್ತಿಯಲ್ಲೂ ಅಂದೇ ಅನ್ನುತ್ತಾರೆ.

ದೇವರ ಕೋಣೆಯಿಂದ ಕೀಲಿಕೈ ಬಂತು. ರಾಜಶೇಖರ್ ಕಿಟಕಿಯೊಳಗೆ ಕೈಚಾಚಿ ತಿರುಗಿಸಿದರು. ಕಾರು ಕೆಮ್ಮಿತು, ಸೀನಿತು, ಮೈಯೆಲ್ಲ ಕೊಡವಿ ಎದ್ದಿತು. ನೆತ್ತಿಯ ಮೇಲಿನ ಹಪ್ಪಳಗಳು ಕುಣಿಯತೊಡಗಿದವು. ಹಿಂದಿನಿಂದ ಹೊಗೆ ಬಂತು.

“ಸೊಕ್ಕಿದೆಂಜಿನು ಹೊಗೆಯನುಗುಳಲು ಬಣ್ಣವಾವುದೆನು…”

ಯಾವ ಬಣ್ಣ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ಪದ್ಯ ಹೇಳುತ್ತಿರಲಿಲ್ಲ, ಬರೀ ಕೇಳುತ್ತಿತ್ತು. ಮರುಳಸಿದ್ದಪ್ಪನವರು ಕಣ್ಣು ಕಿರಿದು ಮಾಡಿ ನೋಡಿದರು. “ನೀಲಿ,” ಎಂದರು.

“ನೀಲಿ!” ಜಲಜಮ್ಮ ಎರಡೂ ಕೈ ಮೇಲೆತ್ತಿದರು. “ನಂಜು ಕುಡಿದು ಲೋಕ ಕಾಪಾಡಿದವನ ಕಂಠದ ಬಣ್ಣ! ಒಳಗಿನ ವಿಷ ಹೊರಗೆ ಬಂತು ಅಂತ ಅರ್ಥ. ಇನ್ನು ಇದು ಶುದ್ಧ.”

ವೆಂಕಟಯ್ಯ ಹೊಗೆಗೆ ಕೈಮುಗಿದ. ಮರುಳಸಿದ್ದಪ್ಪನವರಿಗೂ ಕಣ್ಣು ತುಂಬಿ ಬಂತು, ಭಕ್ತಿಯಿಂದಲೋ ಹೊಗೆಯಿಂದಲೋ ತಿಳಿಯದು. ಇಂಜಿನ್ನಿನಲ್ಲಿ ಎಣ್ಣೆ ಸುಡುತ್ತಿದೆ ಎಂದು ಹೇಳಬಲ್ಲ ಲಕ್ಷ್ಮೀಶನ ಕಾಲುಗಳು ಅಷ್ಟು ಹೊತ್ತಿಗೆ ಬಾಳೆಹೊನ್ನೂರಿನ ಇನ್ಯಾವುದೋ ಗಾಡಿಯ ಅಡಿಯಲ್ಲಿದ್ದವು.

“ಮುಂದಿನ ಸಾಲು?” ರಾಜಶೇಖರ್ ಈಗ ಪೂರ್ತಿ ಶಿಷ್ಯರಾಗಿದ್ದರು.

“ಹೊಕ್ಕು ಸೀಟೊಳು ಗೇರು ಹಾಕೈ.”

“ನಾನೇ ಹೊಕ್ತೀನಿ!” ಎಂದು ಅವರು ಒಳಗೆ ಕೂತರು. “ಸಿದ್ದಪ್ಪನವರೇ, ಈ ಕಡೆಯಿಂದ ನೀವೂ ಹತ್ತಿ. ಯಾರಯ್ಯ ಅಲ್ಲಿ, ಆ ಕಲ್ಲು ತೆಗಿ!”

ಮುಂದಿನ ಚಕ್ರಕ್ಕೆ ಒಂದು ಒರಳುಗುಂಡು ಒತ್ತು ಕೊಟ್ಟಿತ್ತು. ನಿಂತ ಕಾರಿಗೆ ಒರಳುಗುಂಡು ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ಪದ್ಯದಲ್ಲಿ ಒರಳುಗುಂಡಿನ ಪ್ರಸ್ತಾಪ ಇರಲಿಲ್ಲ. ವೆಂಕಟಯ್ಯ ಅದನ್ನು ಭಕ್ತಿಯಿಂದ ಎತ್ತಿ ಪಕ್ಕಕ್ಕಿಟ್ಟ.

ಗೇರು ಬಿತ್ತು. ಕರಿಯ ಕಾರು ಅಂಗಳದಲ್ಲಿ ಮೆಲ್ಲಗೆ ಸರಿಯಿತು. ರಾಜಶೇಖರ್ ಎದೆ ಉಬ್ಬಿಸಿ, ಮೋರೆಯನ್ನು ಫೋಟೋಗೆ ಹಿಡಿದ ಹಾಗೆ ಹಿಡಿದು, ಕಿಟಕಿಯಾಚೆ ಕೈ ಬೀಸಿದರು. ಹೆಂಗಸರು ಲಟ್ಟಣಿಗೆ ಬೀಸಿದರು. ಅಂಗಳ ಮುಗಿದು ಇಳಿಜಾರು ಶುರುವಾಯಿತು. ಇಳಿಜಾರಿನ ಕೊನೆಗೆ ಕೊಟ್ಟಿಗೆ, ಕೊಟ್ಟಿಗೆಯ ಪಕ್ಕಕ್ಕೆ ಸೊಪ್ಪು ಸಗಣಿ ತುಂಬಿದ ಗೊಬ್ಬರದ ಗುಂಡಿ.

ರಾಜಶೇಖರ್ ಕಾಲು ಒತ್ತಿದರು. ಉಪ್ಪಿನಕಾಯಿ ಭರಣಿಯೊಳಗೆ ಸೌಟು ಇಳಿದ ಹಾಗೆ ಕಾಲು ಮೆತ್ತಗೆ ತಳದವರೆಗೂ ಇಳಿಯಿತು. ಕಾರು ನಿಲ್ಲಲಿಲ್ಲ.

“ಸಿದ್ದಪ್ಪನವರೇ! ಬ್ರೇಕು!”

ಮರುಳಸಿದ್ದಪ್ಪನವರಿಗೆ ಆಗ ನೆನಪಾಯಿತು. “ಅದು ಗದ್ಯದಲ್ಲಿತ್ತು ಭಾವ!”

“ಗದ್ಯ ಅಂದ್ರೆ ಎಲ್ಲಿ? ಬಲಗಡೆನಾ, ಎಡಗಡೆನಾ?” ರಾಜಶೇಖರ್ ಸ್ಟೇರಿಂಗಿನ ಕೆಳಗೆಲ್ಲ ಕೈಯಾಡಿಸಿದರು. ಸಿಕ್ಕಿದ್ದು ಹಾರನ್ನು. ಅದು ಹಳೆಯ ಕಾಲದ ಕೊಂಬಿನ ಹಾಗೆ ಗಂಭೀರವಾಗಿ ಕೂಗಿತು. “ಸಿದ್ದಪ್ಪಾ! ಲೋ ಸಿದ್ದಾ!”

ಹೀಗೆ ಮರ್ಯಾದೆಯ ಮೇಲಿಂದ ಒಂದೊಂದೇ ಮೆಟ್ಟಲು ಇಳಿಯುತ್ತ ಕಾರು ಕೊಟ್ಟಿಗೆಯನ್ನು ದಾಟಿತು. ನೆತ್ತಿಯ ಪಂಚೆ ಗಾಳಿಗೆ ಎದ್ದು, ಹಲಸಿನ ಹಪ್ಪಳಗಳು ಹೂಮಳೆಯಂತೆ ಇಳಿಜಾರಿನ ತುಂಬ ಸುರಿದವು. ಕೊಟ್ಟಿಗೆಯ ಎಮ್ಮೆ ತಲೆ ಎತ್ತಿ ನೋಡಿತು. ಮುಂದಿನ ಎರಡು ಚಕ್ರ ಗುಂಡಿಯ ಅಂಚು ದಾಟಿದವು. ಪಚಕ್ ಎಂದು ಒಂದು ಶಬ್ದವಾಯಿತು. ಕಾರು ಮೂತಿಯನ್ನು ಗೊಬ್ಬರದಲ್ಲಿ ಊರಿ, ಹಿಂಭಾಗ ಮೇಲೆತ್ತಿಕೊಂಡು, ರಾಜಶೇಖರರ ಕಡೆಗೆ ವಾಲಿ ನಿಂತಿತು. ಆ ಕಡೆಯ ಬಾಗಿಲು ತೆರೆದುಕೊಂಡು, ತೆಳುವಾದ ಸಗಣಿ ಒಳಗೆ ಬಂದು ಅವರ ಮೊಣಕಾಲ ಮೇಲೆ ನಿಂತಿತು. ಇನ್ನಷ್ಟು ಸಿಡಿದು ಅವರ ಮೀಸೆಗೆ ಬಣ್ಣ ಕಟ್ಟಿತು. ಮರುಳಸಿದ್ದಪ್ಪನವರ ಕಡೆ ಒಂದು ಹನಿಯೂ ಇಲ್ಲ. ಹಪ್ಪಳವೊಂದು ಕಿಟಕಿಯಿಂದ ಹಾರಿಬಂದು ಅವರ ತೊಡೆಯ ಮೇಲೆ ಕೂತಿತ್ತು.

ಮೇಲಿನಿಂದ ಎಲ್ಲರೂ ಓಡಿಬಂದರು. ಮುಂದೆ ಜಲಜಮ್ಮ. “ಹಾಂ! ನೆನಪಾಯ್ತು ನೆನಪಾಯ್ತು! ಬ್ರೇಕ್ ಇಲ್ಲ ಅಂತ ಹೇಳಿ, ಓಡಿಸ್ಲಿಕ್ಕೆ ಬಿಡಬೇಡಿ ಅಂದಿದ್ದ ಶ್ರೀಕಾಂತ! ಅದೇ ಮಾತು!” ಮರೆತದ್ದು ನೆನಪಾದ ಸಂತೋಷಕ್ಕೆ ಅವರ ಮುಖ ಅರಳಿತ್ತು. ಆಮೇಲೆ ಕಿಟಕಿಗೆ ಬಗ್ಗಿ, “ಪೆಟ್ಟಾಯ್ತಾ?” ಎಂದು ಕೇಳಿ, ಇಲ್ಲವೆಂದು ತಿಳಿದ ಮೇಲೆ, “ಅಲ್ಲ, ಅಷ್ಟು ಚೆಂದದ ಪದ್ಯದಲ್ಲಿ ಬ್ರೇಕ್ ಎಂತಕ್ಕೆ ಬರ್ಲಿಲ್ಲ?” ಎಂದರು.

“ಒತ್ತಕ್ಷರ ಅಮ್ಮ,” ಎಂದರು ಮರುಳಸಿದ್ದಪ್ಪನವರು ದೀನರಾಗಿ. “ಹಿಂದಿನ ಲಘು ಗುರುವಾಗಿಬಿಡುತ್ತೆ.”

ಜಲಜಮ್ಮ ಬೆರಳು ಮಡಚಿ ಮಾತ್ರೆ ಎಣಿಸಿದರು. “ಹೌದಪ್ಪ. ಒಂದು ಹೆಚ್ಚಾಗ್ತದೆ. ನೀವು ಬಿಟ್ಟದ್ದು ಸರಿಯೇ.”

“ಎಂತ ಸರಿ!” ರಾಜಶೇಖರ್ ಸಗಣಿಯ ಒಳಗಿನಿಂದ ಗುಡುಗಿದರು. “ನನ್ನ ಜೀವ ಹೋಗ್ತಿತ್ತು, ಇವರಿಗೆ ಲಘುವಂತೆ, ಗುರುವಂತೆ! ನಿನ್ನ ನಂಬಿದ್ನಲ್ಲ ಮಾರಾಯ, ನಾನು!”

“ತಪ್ಪಾಯ್ತು ಭಾವ. ನಂದೇ ತಪ್ಪು. ಎಲ್ಲದಕ್ಕಿಂತ ಮೊದ್ಲು ಬ್ರೇಕು ನೋಡಿ ಅಂದಿದ್ದ ಲಕ್ಷ್ಮೀಶ,” ಎಂದರು ಮರುಳಸಿದ್ದಪ್ಪನವರು. ಕಿಟಕಿಯಾಚೆ ಕಲ್ಲಮ್ಮ ಬಂದು ನಿಂತಿದ್ದಳು. ಮದುವೆಯ ಸೀರೆಯ ನಿರಿಗೆ ಎತ್ತಿ ಹಿಡಿದಿದ್ದಳು. ಅವಳ ಮುಖ ನೋಡಲಾಗದೆ ಅವರು ತೊಡೆಯ ಮೇಲಿನ ಹಪ್ಪಳವನ್ನೇ ನೋಡಿದರು.

ಆಗ ರಸ್ತೆಯ ತಿರುವಿನಲ್ಲಿ ಜೀಪಿನ ಹಾರನ್ನು ಕೇಳಿಸಿತು. ಪೀಂ ಪೀಂ, ಪೀಂ ಪೀಂ.

ರಾಜಶೇಖರ್ ಕಿವಿ ನಿಮಿರಿಸಿದರು. ಅವರ ಗುಡುಗು ಅಲ್ಲೇ ಅಡಗಿತು. “ಪ್ರಸನ್ನಕುಮಾರ!” ಎಂದರು. “ಕ್ಯಾಮೆರಾ!” ಎಂದರು. ಆಮೇಲೆ ಜೇನಿನಂಥ ದನಿಯಲ್ಲಿ, “ಸಿದ್ದಪ್ಪನವರೇ,” ಎಂದರು.

“ಏನು ಭಾವ?”

“ಈ ಸೀಟು ಒಂದೇ ಹಲಗೆ ಇದೆ ನೋಡಿ. ನೀವು ಒಂಚೂರು ಈ ಕಡೆ ಸರೀರಿ. ಸ್ಟೇರಿಂಗ್ ಹಿಡ್ಕೊಳ್ಳಿ. ನಾನು ಆ ಕಡೆ ಬಂದುಬಿಡ್ತೀನಿ. ಓಡಿಸಿದ್ದು ನೀವು ಅಂತ ಇರ್ಲಿ. ನಿಮಗೇನಾಗ್ಬೇಕು ಹೇಳಿ? ಪಾತ್ರೆ ಅಂಗಡಿ, ಬಾಳೆಹೊನ್ನೂರು. ಹೋದ್ರೂ ಎಷ್ಟು ಮಾನ ಹೋಗುತ್ತೆ? ನಾನು ಸಂಘದ ಅಧ್ಯಕ್ಷ. ನಾಳೆಯಿಂದ ಆ ಗ್ರೂಪಲ್ಲಿ ಇರಕ್ಕಾಗುತ್ತಾ?”

ಮರುಳಸಿದ್ದಪ್ಪನವರು ಯಾರಿಗೂ ಇಲ್ಲವೆಂದು ಹೇಳಿ ಅಭ್ಯಾಸವಿಲ್ಲದವರು. ಅದೂ ಭಾವನವರು. ಅದೂ ತಪ್ಪು ತಮ್ಮದೇ ಇರುವಾಗ. ಅವರು ಹಪ್ಪಳವನ್ನು ಜೋಪಾನವಾಗಿ ಎತ್ತಿ ಪಕ್ಕಕ್ಕಿಟ್ಟು, ಪಂಚೆಯನ್ನು ಮೊಣಕಾಲ ಮೇಲೆ ಎತ್ತಿಕೊಂಡು ಸರಿಯಲು ಹೊರಟೇಬಿಟ್ಟರು. ಸರಿಯಲು ಆಗಲಿಲ್ಲ. ಯಾರೋ ಹಿಂದಿನಿಂದ ಹೆಗಲ ವಸ್ತ್ರ ಹಿಡಿದಿದ್ದರು. ತಿರುಗಿ ನೋಡಿದರೆ ಕಲ್ಲಮ್ಮ. ಕಿಟಕಿಯೊಳಗೆ ಕೈ ಹಾಕಿ ವಸ್ತ್ರದ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡಿದ್ದಳು.

“ಬಿಡು ಕಲ್ಲಮ್ಮ, ಹೊತ್ತಿಲ್ಲ!” ರಾಜಶೇಖರ್ ಅಂಗಲಾಚಿದರು. ಜೀಪು ಅಂಗಳದಲ್ಲಿ ನಿಂತ ಸದ್ದಾಯಿತು. ಬಾಗಿಲು ತೆಗೆದು ಹಾಕಿದ ಸದ್ದು. “ಎಲ್ಲಿ ಅಧ್ಯಕ್ಷರು? ಎಲ್ಲಿ ಮನೆತನದ ಕಾರು?” ಎಂಬ ಪ್ರಸನ್ನಕುಮಾರನ ನಗು ಇಳಿಜಾರಿನಲ್ಲಿ ಇಳಿದು ಬಂತು. “ತಂಗೀ, ನೀನೇ ಹೇಳು ಅವರಿಗೆ,” ಎಂದು ರಾಜಶೇಖರ್ ಪಿಸುಗುಟ್ಟಿದರು. “ನಿನ್ನ ಮಾತು ಕೇಳ್ತಾರೆ. ಇದೊಂದು ಮಾಡ್ಲಿ. ಮುಂದಿನ ಸಲ ಪಂಕ್ತಿಯಲ್ಲಿ, ಎಲ್ಲರ ಎದುರಿಗೆ, ಮರುಳಸಿದ್ದಪ್ಪನವರು, ನಮ್ಮ ಭಾವನವರು ಅಂತ ಹೆಸರು ಹಿಡಿದು ಕರೀತೀನಿ. ನಾನೇ ಕೈಯಾರೆ ಹೋಳಿಗೆ ಬಡಿಸ್ತೀನಿ. ಲಿಂಗದಾಣೆ!”

ಕಲ್ಲಮ್ಮ ಅಣ್ಣನ ಮುಖ ನೋಡಿದಳು. ಹುಟ್ಟಿದಂದಿನಿಂದ ಆ ಮುಖಕ್ಕೆ ಎದುರಾಡಿದವಳಲ್ಲ. ಮುಷ್ಟಿಯಲ್ಲಿದ್ದ ವಸ್ತ್ರವನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು.

“ಇಲ್ಲ ಅಣ್ಣಯ್ಯ,” ಎಂದಳು. “ಇವ್ರು ಆ ಸೀಟಿಗೆ ಬರಲ್ಲ.”